ಬಲಗಾಲು ೬ ಅಡಿ

ಊರಿನ ಅಂಚಿನಲ್ಲಿ, ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ, ಏಣಿ ಮಾಡುವ ಒಂದು ಕಾರ್ಖಾನೆಯಿತ್ತು. ಕಾರ್ಖಾನೆ ಎಂದ ಕೂಡಲೇ ಹೊಗೆಕೊಳವೆ, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬಾರದು. ಒಂದು ತಗಡಿನ ಶೆಡ್ಡು, ಅದರ ಕೆಳಗೆ ಏಳು ಜನ ಬಡಗಿಗಳು, ಅವರ ಮೇಲೊಬ್ಬ ಮೇಸ್ತ್ರಿ, ಒಂದು ಗರಗಸದ ಯಂತ್ರ, ಮೂಲೆಯಲ್ಲಿ ಅಂಟು ಕಾಯಿಸುವ ಒಲೆ, ಗೇಟಿನಲ್ಲಿ ಕಾವಲುಗಾರ, ಕಿಟಕಿಯ ಪಕ್ಕದ ಮೇಜಿನಲ್ಲಿ ಗುಮಾಸ್ತ. ಇಷ್ಟೇ.

ಗುಮಾಸ್ತನನ್ನು ಎಲ್ಲರೂ ‘ಸರಿಸುಮಾರು’ ಎಂದು ಕರೆಯುತ್ತಿದ್ದರು. ಗಂಟೆ ಎಷ್ಟು ಎಂದರೆ ಸರಿಸುಮಾರು ಹತ್ತು, ಹಲಗೆ ಎಷ್ಟು ಬಂತು ಎಂದರೆ ಸರಿಸುಮಾರು ನಲವತ್ತು. ಮಕ್ಕಳೆಷ್ಟು ಎಂದು ಒಮ್ಮೆ ಯಾರೋ ಕೇಳಿದಾಗಲೂ “ಸರಿಸುಮಾರು ಇಬ್ಬರು” ಎಂದು ಬಾಯಿತಪ್ಪಿ ಬಂದಿತ್ತು. ಆ ಮಾತು ಅವನ ಹೆಂಡತಿಯ ಕಿವಿಗೂ ಮುಟ್ಟಿತ್ತು. ಮುಟ್ಟಿದ ಮೇಲೆ ಏನಾಯಿತೆಂಬುದು ಈ ಕಥೆಗೆ ಸಂಬಂಧಿಸಿದ್ದಲ್ಲ.

ಅವನ ಕೆಲಸ ಕಷ್ಟದ್ದೇನಲ್ಲ. ಗಿರಾಕಿ ಬಂದರೆ ಅಳತೆ ಕೇಳಿಕೊಂಡು ಅಚ್ಚು ಹಾಕಿಸಿದ ಚೀಟಿಯಲ್ಲಿ ಬರೆಯಬೇಕು. ಚೀಟಿಯಲ್ಲಿ ಮೂರು ಕಲಂ: ಎಡಗಾಲು, ಬಲಗಾಲು, ಮೆಟ್ಟಿಲು. ಎರಡೂ ಕಾಲಿನ ಅಳತೆ ಒಂದೇ ಆಗಿರುವಾಗ ಎರಡು ಕಲಂ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಯಜಮಾನರ ತಂದೆ ಕಾಲದಿಂದ ಹಾಗೇ ಇತ್ತು, ಹಾಗೇ ನಡೆದಿತ್ತು. ಗುಮಾಸ್ತ ಮೇಲೊಂದು ಒಂಬತ್ತು, ಕೆಳಗೊಂದು ಒಂಬತ್ತು ಬರೆದು ಬಡಗಿ ಮೇಸ್ತ್ರಿಯ ಮುಂದಿಡುತ್ತಿದ್ದ. ತೊಂದರೆ ಇದ್ದದ್ದು ಅವನ ಕೈಬರಹದಲ್ಲಿ. ನಮ್ಮ ಅಂಕಿಗಳಲ್ಲಿ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಒಂದು ಬಾಲದ್ದು. ಬಾಲ ಯಾವ ಕಡೆ ತಿರುಗಬೇಕೆಂದು ಗುಮಾಸ್ತನ ಪೆನ್ನು ಆಯಾ ದಿನ ಆಯಾ ಹೊತ್ತಿನಲ್ಲಿ ತೀರ್ಮಾನ ಮಾಡುತ್ತಿತ್ತು.

ಹೀಗಿರುವಾಗ ಯಜಮಾನರು ಪಟ್ಟಣದಲ್ಲಿ ನಡೆದ ಉದ್ಯಮಿಗಳ ಸಭೆಗೆ ಹೋಗಿ ಬಂದರು. ಎರಡು ದಿನ ಭಾಷಣ ಕೇಳಿ ಬಂದವರು ಚಪ್ಪಲಿ ಬಿಡುವ ಮೊದಲೇ ಗಂಟೆ ಬಾರಿಸಿ ಎಲ್ಲರನ್ನೂ ಸೇರಿಸಿದರು.

“ಇಪ್ಪತ್ತು ವರ್ಷದಿಂದ ಒಂದೇ ಥರದ ಏಣಿ ಮಾಡ್ತಾ ಇದೀವಲ್ಲ, ನಮಗೆ ನಾಚಿಕೆ ಆಗಬೇಡ್ವಾ?”

ಬಡಗಿಗಳು ಗೋಡೆಗೆ ಒರಗಿಸಿದ್ದ ಏಣಿಗಳನ್ನು ನೋಡಿದರು. ನಾಚಿಕೆಪಡುವಂಥದ್ದೇನೂ ಅವುಗಳಲ್ಲಿ ಕಾಣಲಿಲ್ಲ.

“ಇನ್ನು ಮೇಲೆ ನಮ್ಮಲ್ಲಿ ನಾವೀನ್ಯ ಬರಬೇಕು. ನಾವೀನ್ಯ ಇದ್ದರೆ ವ್ಯಾಪಾರ ಬೆಳೀತದೆ. ಇಲ್ಲದಿದ್ದರೆ ಬಾಗಿಲು ಮುಚ್ಚಬೇಕಾಗ್ತದೆ.”

ಕಾವಲುಗಾರನಿಗೆ ಕಿವಿ ಸ್ವಲ್ಪ ಮಂದ. ಪಕ್ಕದವನನ್ನು ಕೇಳಿದ, “ಏನಂದ್ರು? ನಾವಿನ್ಯಾಕೆ ಅಂದ್ರಾ?”

ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲನ್ನು ಸರಿಪಡಿಸಿಕೊಂಡು ನಿಧಾನವಾಗಿ ಹೇಳಿದರು, “ಯಜಮಾನ್ರೇ, ಏಣಿಗೆ ಎರಡು ಕಾಲು, ನಡುವೆ ಮೆಟ್ಟಿಲು. ಹತ್ತೋರಿಗೂ ಎರಡೇ ಕಾಲು. ಅದರಲ್ಲಿ ಹೊಸದೇನು ಮಾಡೋಣ?”

“ಇದೇ! ಈ ಮಾತೇ ಉದ್ಯಮದ ಶತ್ರು ಅಂತ ಭಾಷಣದಲ್ಲಿ ಹೇಳಿದ್ರು!”

ಮೂವತ್ತೊಂದು ವರ್ಷ ಅದೇ ಶೆಡ್ಡಿನಲ್ಲಿ ಉಳಿ ಹಿಡಿದಿದ್ದ ಮೇಸ್ತ್ರಿ, ತಾನು ಶತ್ರುವಾದದ್ದು ಯಾವಾಗ ಎಂದು ಯೋಚಿಸತೊಡಗಿದರು.

ಇದಾದ ಮೂರನೆಯ ದಿನ ಹಣ್ಣಿನ ತೋಟದವನು ಸೈಕಲ್ಲು ತುಳಿದುಕೊಂಡು ಬಂದ. ಹಿಂದಿನ ವಾರವಷ್ಟೇ ಅವನಿಗೆ ಒಂಬತ್ತು ಅಡಿಯ ಒಂದು ಏಣಿ ಹೋಗಿತ್ತು. ಕಳಿಸುವ ಮೊದಲು ಟೇಪು ಹಿಡಿದು ಅಳೆದು “ಸರಿಯಿದೆ” ಎಂದು ಸಹಿ ಹಾಕಬೇಕಾದವನು ಗುಮಾಸ್ತ. ಆ ಹೊತ್ತಿಗೆ ಏಣಿ ಗಾಡಿಯಲ್ಲಿ ಬೇರೆ ಸಾಮಾನಿನ ಅಡಿಗೆ ಹೋಗಿತ್ತು. ತುದಿ ಕಂಡಿತು, ಸಹಿ ಹಾಕಿದ್ದ.

“ಯಜಮಾನ್ರೇ, ನನಗೆ ಬಂದ ಏಣಿಗೆ ಎಡಗಾಲು ಒಂಬತ್ತಡಿ, ಬಲಗಾಲು ಆರಡಿ ಇದೆ! ಇದನ್ನ ಮಾಡಿದೋರು ಯಾರು? ನನಗೆ ಅವರನ್ನ ನೋಡ್ಬೇಕು!” ಎಂದು ತೋಟದವನು ಗೇಟಿನಿಂದಲೇ ಕೂಗಿದ. ಅವನದು ಹೊಲದ ಆಚೆಗೆ ಕೂಗಿ ಅಭ್ಯಾಸವಾದ ಗಂಟಲು. ಕೋಪವೋ ಸಂತೋಷವೋ ಒಂದೇ ಥರ ಕೇಳುತ್ತಿತ್ತು.

ಕಿಟಕಿಯ ಪಕ್ಕ ಕೂತಿದ್ದ ಗುಮಾಸ್ತನ ಪೆನ್ನು ಚೀಟಿಯ ಮೇಲೆ ನಿಂತಿತು. ಬಾಲ! ಆ ದಿನದ ಬಾಲ! ಅವನಿಗೆ ಅರೆಕ್ಷಣದಲ್ಲಿ ಎಲ್ಲ ಹೊಳೆಯಿತು. ಯಜಮಾನರು ಹೊರಗೆ ಬಂದು ಗಟ್ಟಿಯಾಗಿ, “ಯಾರ ಕೆಲಸ ಇದು?” ಎಂದರು. ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಇಲ್ಲಿ ಗುಮಾಸ್ತನ ಪರವಾಗಿ ಒಂದು ಮಾತು ಹೇಳಲೇಬೇಕು: ತನ್ನ ತಪ್ಪಿಗೆ ಮುದುಕನ ತಲೆ ಹೋಗಬಾರದು ಎಂದು ಅವನು ಎದ್ದು ನಿಂತ. “ನನ್ನದೇ ಯಜಮಾನ್ರೇ. ಮೇಸ್ತ್ರಿದಲ್ಲ. ಪೂರ್ತಿ ನನ್ನದೇ” ಎಂದ.

ತೋಟದವನು ಸೈಕಲ್ಲನ್ನು ಹಾಗೇ ಬೀಳಿಸಿ ಓಡಿಬಂದು ಅವನನ್ನು ತಬ್ಬಿಕೊಂಡ.

“ಪುಣ್ಯಾತ್ಮ! ನನ್ನ ತೋಟದ ತಗ್ಗು ದಿಣ್ಣೇಲಿ ಮೂರು ವರ್ಷದಿಂದ ಏಣಿಯ ಒಂದು ಕಾಲಿನ ಕೆಳಗೆ ಕಲ್ಲು ಜೋಡಿಸಿ ಜೋಡಿಸಿ ಸೊಂಟ ಹೋಗಿತ್ತು ನಂದು. ಈ ಏಣಿ ಅಲ್ಲೇ ಹುಟ್ಟಿದ ಹಾಗೆ ನಿಂತ್ಕೊಳ್ತದೆ!”

ಯಜಮಾನರು ಗುಮಾಸ್ತನನ್ನು ನೋಡಿದರು. ಇಷ್ಟು ವರ್ಷ ಕಿಟಕಿಯ ಸರಳಿನಂತೆ ಕಂಡವನು ಈಗ ಕಿಟಕಿಯಾಚೆಗಿನ ಬೆಟ್ಟದಂತೆ ಕಂಡ.

“ನಾವೀನ್ಯ!” ಎಂದರು ಯಜಮಾನರು, ಕಣ್ಣಲ್ಲಿ ನೀರು ತುಂಬಿಕೊಂಡು.

ಬಾಯಿ ತೆರೆಯಬೇಕಾದ ಹೊತ್ತು ಅದು. ಗುಮಾಸ್ತ ತೆರೆದ ಕೂಡ. ಆದರೆ ಅಷ್ಟರಲ್ಲಿ ಏಳು ಜನ ಬಡಗಿಗಳು ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಕಿವಿಗಳು ಮಾತ್ರ ಬಿಸಿಯಾಗಿ, ಸಂಜೆಯವರೆಗೂ ಆರಲಿಲ್ಲ.

ಮರುದಿನ ಅಂಟು ಕಾಯಿಸುವ ಮೂಲೆಗೆ ಒಂದು ಮೇಜು ಬಂತು. ಅದರ ಮೇಲೆ ‘ನಾವೀನ್ಯ ವಿಭಾಗ’ ಎಂಬ ಫಲಕ ಬಂತು. ವಿಭಾಗದ ಮುಖ್ಯಸ್ಥ ಗುಮಾಸ್ತ. ವಿಭಾಗದ ಉಳಿದ ಸಿಬ್ಬಂದಿಯೂ ಅವನೇ. ಕಾವಲುಗಾರ ದಿನವೂ ಬಾಗಿಲಲ್ಲಿ ಸಲಾಮು ಹೊಡೆದು, “ನಾವಿನ್ಯಾಕೆ ಸಾಹೇಬರು ಬಂದ್ರು” ಎಂದು ಒಳಗೆ ಕೂಗಿ ಹೇಳುತ್ತಿದ್ದ.

ನಿಜ ಹೇಳಲು ಅವನು ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ.

“ಯಜಮಾನ್ರೇ, ಅದು ಆಕಸ್ಮಿಕವಾಗಿ ಆದದ್ದು.”

“ದೊಡ್ಡ ಶೋಧನೆಗಳೆಲ್ಲ ಆಕಸ್ಮಿಕವೇ ಕಣಯ್ಯಾ. ಭಾಷಣದಲ್ಲಿ ಹೇಳಿದ್ರು.”

“ಅಲ್ಲ, ನನ್ನಿಂದ ತಪ್ಪಾಯ್ತು...”

“ತಪ್ಪು ಮಾಡೋಕೆ ಹೆದರಬಾರದು. ಅದನ್ನೂ ಹೇಳಿದ್ರು.”

“ನನಗೆ ಏಣಿ ವಿಷಯ ಏನೂ ಗೊತ್ತಿಲ್ಲ ಯಜಮಾನ್ರೇ!”

“ಗೊತ್ತಿಲ್ಲ ಅನ್ನೋನೇ ಮುಂದೆ ಬರೋನು. ಇದಂತೂ ಭಾಷಣದ ಕೊನೇ ಮಾತು. ಎಲ್ಲರೂ ಎದ್ದು ನಿಂತಿದ್ರು.”

ಎರಡು ದಿನದ ಭಾಷಣದಲ್ಲಿ ಅವನು ನುಸುಳಿ ಹೊರಬರಬಹುದಾದ ಒಂದು ಸಂದೂ ಇರಲಿಲ್ಲ. ಚೀಟಿ ತೋರಿಸಿದ್ದರೆ ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಚೀಟಿ ಮೇಸ್ತ್ರಿಯ ಹತ್ತಿರವಿತ್ತು. ಅದನ್ನು ಕೇಳಿ ತರಲು ಅವನು ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಸುದ್ದಿಯನ್ನು ಪೂರ್ತಿ ಕೇಳಿ, ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿದಳು, “ನೀವೇ ಕಂಡುಹಿಡಿದ್ರಾ?”

“ಸರಿಸುಮಾರು.”

“ಹಾಗಾದ್ರೆ ಮೂರು ವರ್ಷದಿಂದ ಕಪಾಟಿನ ಬಾಗಿಲು ಮುಚ್ಚೋಕಾಗ್ತಿಲ್ಲ, ಅದಕ್ಕೊಂದು ನಾವೀನ್ಯ ಮಾಡಿ ನೋಡೋಣ.”

ಆದರೆ ಅವಳ ಅಣ್ಣ ಬೇರೆ ಥರ. ಔಷಧಿ ಅಂಗಡಿ ಇಟ್ಟಿದ್ದ ಅವನು ಇಷ್ಟು ದಿನ ಈ ಮನೆಗೆ ಬಂದರೆ ಗುಮಾಸ್ತನನ್ನು ದಾಟಿ ಗೋಡೆಯೊಡನೆ ಮಾತಾಡುತ್ತಿದ್ದ. ಈಗ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ. “ಭಾವ, ನಿಮ್ಮೊಳಗೆ ಇಷ್ಟೊಂದು ಇದೆ ಅಂತ ನನಗೆ ಮೊದಲಿಂದ ಗೊತ್ತಿತ್ತು. ನಮ್ಮ ತಂಗಿಗೇ ಗೊತ್ತಿರಲಿಲ್ಲ” ಎಂದ. ಒಳಗಿನಿಂದ ಪಾತ್ರೆ ಇಟ್ಟ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಬಂತು.

ಪಕ್ಕದ ಮನೆಯ ದರ್ಜಿ ಬೇಲಿಯ ಮೇಲೆ ಒಂದು ಅಂಗಿ ಹರವಿ ತೋರಿಸಿದ. “ನಿಮ್ಮ ಏಣಿ ಸುದ್ದಿ ಕೇಳಿ ನಾನೂ ಒಂದು ಹೊಸದು ಮಾಡಿದೆ ನೋಡಿ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಗಡಿಯಾರ ಕಟ್ಟೋ ಕೈಗೆ ಗಿಡ್ಡ. ಹೇಗಿದೆ?”

ಚೆನ್ನಾಗಿದೆ ಎಂದ ಗುಮಾಸ್ತ. ಬೇರೇನು ಹೇಳಿಯಾನು? ದರ್ಜಿ ಆ ಮಾತು ನಂಬಿಕೊಂಡು ಮುಖ್ಯೋಪಾಧ್ಯಾಯರ ಮೂರು ಅಂಗಿಗೆ ಕತ್ತರಿ ಹಾಕಿದ. ಮುಖ್ಯೋಪಾಧ್ಯಾಯರು ಎಡಗೈಗೆ ಗಡಿಯಾರ ಕಟ್ಟುವವರು. ದರ್ಜಿ ಬಲತೋಳು ಕತ್ತರಿಸಿದ್ದ. ಅಂದಿನಿಂದ ಅವರು ಬೀದಿಯಲ್ಲಿ ಗುಮಾಸ್ತ ಎದುರಾದರೆ ಮುಖ ತಿರುಗಿಸತೊಡಗಿದರು. ಗುಮಾಸ್ತ ಅವರಿಗಿಂತ ಮೊದಲೇ ತಿರುಗಿಸಿಕೊಳ್ಳುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ನಗುವ ವಿಷಯವಾಗಿ ಮುಗಿಯುತ್ತಿತ್ತು. ಯಜಮಾನರು ನಲವತ್ತು ಏಣಿ ಮಾಡಿ ಎಂದರು. ಎಲ್ಲಕ್ಕೂ ಎಡಗಾಲು ಒಂಬತ್ತು, ಬಲಗಾಲು ಆರು. ಅವರು ಆ ಏಣಿ ನಿಂತದ್ದನ್ನು ನೋಡಿರಲಿಲ್ಲ. ಮರವೂ ಉಳಿಯುತ್ತದೆ, ಏಣಿಯೂ ನಿಲ್ಲುತ್ತದೆ ಎಂಬುದು ಅವರು ಮಾಡಿಕೊಂಡ ಅರ್ಥ. ಕೈಗಾರಿಕಾ ಇಲಾಖೆಗೆ ಪತ್ರವೂ ಹೋಯಿತು. ಅಧಿಕಾರಿಯೊಬ್ಬರು ಬಂದು ನೋಡುತ್ತಾರೆಂದು ಉತ್ತರವೂ ಬಂತು.

ಆ ಸಂಜೆ ಮೇಸ್ತ್ರಿ ಅಂಟಿನ ಮೂಲೆಗೆ ಬಂದರು. ಜೇಬಿನಿಂದ ಮಡಿಸಿದ ಚೀಟಿ ತೆಗೆದು ಫಲಕದ ಪಕ್ಕ ಹರವಿದರು.

“ಇದನ್ನ ನೀನು ಕೊಟ್ಟ ದಿನ ನನಗೆ ಎಷ್ಟು ಸಂತೋಷ ಆಯ್ತು ಗೊತ್ತೇನಯ್ಯಾ? ದೊಡ್ಡ ಯಜಮಾನರ ಕಾಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿರೋ ತೋಟಗಳಿಗೆ ಹೀಗೆ ಒಂದು ಕಾಲು ಮೇಲಿನ ಕಟ್ಟೆಗೆ, ಒಂದು ಕಾಲು ಕೆಳಗಿನ ನೆಲಕ್ಕೆ ಅಂತ ಮಾಡ್ತಿದ್ವಿ. ಚೀಟಿಗೆ ಎರಡು ಕಲಂ ಹಾಕಿಸಿದ್ದೇ ಅದಕ್ಕೆ. ಆಮೇಲೆ ಅಳೆಯೋಕೆ ಹೋಗೋರಿಲ್ಲದೆ ನಿಂತುಹೋಯ್ತು. ನೀನು ತೋಟಕ್ಕೆ ಹೋಗಿ ನೆಲ ಅಳೆದು ಬಂದು ಬರ್ದಿದೀಯ ಅಂದ್ಕೊಂಡೆ. ಪರವಾಗಿಲ್ಲ, ನಮ್ಮ ಸರಿಸುಮಾರೂ ಕಲಿತ ಅಂದ್ಕೊಂಡೆ.”

ಗುಮಾಸ್ತ ಅಂಟಿನ ಪಾತ್ರೆಯನ್ನೇ ನೋಡುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

“ಈಗ ನೋಡು, ನೆಲ ನೋಡದೆ ನಲವತ್ತು ಮಾಡು ಅಂತಾರೆ. ಯಾವ ಮನೆಯೋನು ಯಾವ ಅಂಗಳದಲ್ಲಿ ಇಟ್ಟು ಹತ್ತುತ್ತಾನೋ, ಬಿದ್ದು ಬೆನ್ನು ಮುರ್ಕೊಳ್ತಾನೋ? ನನ್ನ ಮಾತು ಹಳೇದು, ಕೇಳೋಲ್ಲ. ನೀನು ಹೇಳಿದ್ರೆ ಕೇಳ್ತಾರೆ.” ಮೇಸ್ತ್ರಿ ಮಾತು ನಿಲ್ಲಿಸಿದರು. ಅವನ ಮುಖ ನೋಡಿದರು. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು, “ಇದು ಆರೋ, ಒಂಬತ್ತೋ?”

ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಜಾಗ, ಅದಕ್ಕಿಂತ ಒಳ್ಳೆಯ ಮನುಷ್ಯ ಸಿಗುತ್ತಿರಲಿಲ್ಲ.

“ಸರಿಸುಮಾರು... ಆರು” ಎಂದ ಗುಮಾಸ್ತ.

ಮೇಸ್ತ್ರಿ ಚೀಟಿಯನ್ನು ಅದೇ ಮಡಿಕೆಯಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು.

ಮರುದಿನ ಅವರೊಬ್ಬರೇ ಯಜಮಾನರ ಮುಂದೆ ನಿಂತು, ನೆಲ ಅಳೆಯದೆ ಮಾಡುವುದಿಲ್ಲ ಎಂದರು. ಯಜಮಾನರು, ಹೊಸದಕ್ಕೆ ಅಡ್ಡ ಬರುವವರು ಮನೆಯಲ್ಲಿರಬಹುದು ಎಂದರು. ತಿಂಗಳ ಕೊನೆಯ ದಿನದವರೆಗೆ ಬನ್ನಿ, ಸಾಕು ಎಂದರು. ಗುಮಾಸ್ತ ಕಂಬದ ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಕಂಬ ಅವನಷ್ಟು ದಪ್ಪವಿರಲಿಲ್ಲ. ಎರಡು ಕಡೆಯಿಂದಲೂ ಅವನು ಕಾಣುತ್ತಿದ್ದ. ಮೇಸ್ತ್ರಿ ಹೊರಗೆ ಬರುವಾಗ ಕಾವಲುಗಾರನಿಗೆ ಹೇಳಿದರು, “ನೀನು ಅವತ್ತು ಸರಿಯಾಗೇ ಕೇಳಿಸ್ಕೊಂಡಿದ್ದೆ ಕಣೋ. ನಾವಿನ್ಯಾಕೆ.”

ತಿಂಗಳ ಕೊನೆಯ ದಿನವೇ ಅಧಿಕಾರಿ ಬಂದರು. ಅಂಗಳದಲ್ಲಿ ಕುರ್ಚಿಗಳನ್ನು ಹಾಕಿದ್ದರು. ಹೆಂಡತಿ, ಅವಳ ಅಣ್ಣ, ದರ್ಜಿ, ಎಲ್ಲರಿಗೂ ಕರೆ ಹೋಗಿತ್ತು. ನಲವತ್ತರಲ್ಲಿ ಒಂದೂ ಇನ್ನೂ ತಯಾರಾಗಿರಲಿಲ್ಲವಾದ್ದರಿಂದ ತೋಟದವನು ತನ್ನ ಏಣಿಯನ್ನೇ ಗಾಡಿಯಲ್ಲಿ ಹೇರಿಕೊಂಡು ತಂದಿದ್ದ. ಆ ಅಂಗಳಕ್ಕೆ ಹಿಂದಿನ ವರ್ಷವಷ್ಟೇ ಸಿಮೆಂಟು ಬಳಿಸಿದ್ದರು. ನೀರು ಚೆಲ್ಲಿದರೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಅಲ್ಲೇ ನಿಲ್ಲುವಷ್ಟು ಅದು ಸಮವಾಗಿತ್ತು.

“ಯಜಮಾನ್ರೇ, ಇಲ್ಲಿ ಕಟ್ಟೆ ಇಲ್ವಲ್ಲ...” ಎಂದು ತೋಟದವನು ಶುರುಮಾಡಿದ.

“ನೀವು ಕೂತ್ಕೊಳ್ಳಿ. ನಿಮ್ಮ ಭಾಷಣ ಆಮೇಲೆ” ಎಂದರು ಯಜಮಾನರು. ಅಧಿಕಾರಿಯ ಕಡೆ ತಿರುಗಿ, “ಇದನ್ನ ಕಂಡುಹಿಡಿದವರೇ ಈಗ ಹತ್ತಿ ತೋರಿಸ್ತಾರೆ” ಎಂದರು.

ಏಣಿಯನ್ನು ಗೋಡೆಗೆ ಒರಗಿಸಿದರು. ಎಡಗಾಲು ನೆಲದಲ್ಲಿ, ಬಲಗಾಲು ಗಾಳಿಯಲ್ಲಿ. ಕೆಳಗಿನ ಮೂರು ಅಡಿಗೆ ಮೆಟ್ಟಿಲೇ ಇಲ್ಲ. ಗುಮಾಸ್ತನಿಗೆ ಒಂದು ಸ್ಟೂಲು ಕೊಟ್ಟರು. ಅವನು ಸ್ಟೂಲು ಹತ್ತಿದ, ಮೊದಲ ಮೆಟ್ಟಿಲಿಗೆ ಕಾಲಿಟ್ಟ, ಎರಡನೆಯದಕ್ಕೂ ಇಟ್ಟ. ಏಣಿ ಬಾಗಿಲಿನಂತೆ ಮೆಲ್ಲಗೆ ತಿರುಗತೊಡಗಿತು.

“ಎಷ್ಟು ಸಲೀಸಾಗಿ ತಿರುಗ್ತದೆ ನೋಡಿ!” ಎಂದ ಹೆಂಡತಿಯ ಅಣ್ಣ, ಹೆಮ್ಮೆಯಿಂದ.

“ರೀ, ಬೀಳ್ತೀರಿ!” ಎಂದಳು ಹೆಂಡತಿ.

ಅವಳು ಹೇಳಿದ್ದೇ ನಿಜವಾಗುತ್ತಿತ್ತು. ಆದರೆ ಏಣಿ ಒಮ್ಮೆಗೇ ನಿಂತಿತು. ಗುಮಾಸ್ತ ಗೋಡೆಗೆ ಕೆನ್ನೆ ಒತ್ತಿಕೊಂಡು ಕೆಳಗೆ ನೋಡಿದ. ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟಿದ್ದ ಮೇಸ್ತ್ರಿ ಚೀಲ ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು, ಆ ಮೋಟು ಬಲಗಾಲಿಗೆ ತಮ್ಮ ಹೆಗಲು ಕೊಟ್ಟಿದ್ದರು. ಮೇಲಿನಿಂದ ಅವರ ಬೋಳು ತಲೆಯೂ ಕಿವಿಯ ಮೇಲಿನ ಪೆನ್ಸಿಲೂ ಕಾಣುತ್ತಿದ್ದವು. ಅವರು ಮೇಲೆ ನೋಡಲಿಲ್ಲ.

“ಅದು ಒಂಬತ್ತು!” ಎಂದು ಕಿರುಚಿದ ಗುಮಾಸ್ತ.

ಅಧಿಕಾರಿ ಪೆನ್ನು ತೆರೆದರು. “ಏನು ಒಂಬತ್ತು? ಇಂಥ ಒಂಬತ್ತು ನಮೂನೆ ಮಾಡಿದೀರಾ?”

“ಇಲ್ಲ ಸಾರ್! ನಾನು ಬರೆದದ್ದು ಒಂಬತ್ತು, ಆರರ ಹಾಗೆ ಕಾಣ್ತು. ನಾನು ಏನೂ ಕಂಡುಹಿಡಿದಿಲ್ಲ. ತೋಟಕ್ಕೆ ಹೋಗಿಲ್ಲ, ನೆಲ ಅಳೆದಿಲ್ಲ, ಕಳಿಸುವಾಗ ಏಣಿಯನ್ನೂ ನೋಡಿಲ್ಲ, ಸುಮ್ಮನೆ ಸಹಿ ಹಾಕಿದೆ. ಚೀಟಿ ಮೇಸ್ತ್ರಿ ಜೇಬಲ್ಲಿದೆ. ಅವರು ಕೇಳಿದಾಗಲೂ ಸುಳ್ಳು ಹೇಳಿದೆ!”

ಹೆಂಡತಿಯ ಅಣ್ಣ ತನ್ನ ಕುರ್ಚಿಯನ್ನು ತಂಗಿಯ ಕುರ್ಚಿಯಿಂದ ಒಂದು ಗೇಣು ಆಚೆಗೆ ಸರಿಸಿದ. ದರ್ಜಿ ತನ್ನ ಗಿಡ್ಡ ತೋಳನ್ನು ಕೆಳಕ್ಕೆ ಎಳೆದುಕೊಂಡ, ಅದು ಬರಲಿಲ್ಲ.

ಅಧಿಕಾರಿ ಗಂಭೀರವಾಗಿ ಕೇಳಿದರು, “ಹಾಗಾದರೆ ಇದನ್ನ ಯಾವ ಕಲಮಿನಲ್ಲಿ ಬರೀಲಿ? ಆವಿಷ್ಕಾರ ಅಂತಲೋ, ದೋಷ ಅಂತಲೋ?”

“ಸಾಹೇಬ್ರೇ,” ಎಂದರು ಮೇಸ್ತ್ರಿ ಏಣಿಯ ಕೆಳಗಿನಿಂದ, “ಯಾವ ಕಲಮಿನಲ್ಲಾದ್ರೂ ಬರೀರಿ, ಬೇಗ ಬರೀರಿ. ಹೆಗಲು ನೋಯ್ತಾ ಇದೆ.”

ಗುಮಾಸ್ತನನ್ನು ಇಳಿಸಿದರು. ಯಜಮಾನರು ಚೀಟಿ ಕೇಳಿ ಪಡೆದು, ನೇರ ಹಿಡಿದು ನೋಡಿದರು, ಓರೆ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು. “ಎಡಗಾಲು, ಬಲಗಾಲು ಅಂತ ನಮ್ಮ ಅಪ್ಪ ಎರಡು ಕಲಂ ಯಾಕೆ ಹಾಕಿಸಿದ್ರು?” ಎಂದು ಯಾರನ್ನೂ ನೋಡದೆ ಕೇಳಿದರು. ಮೇಸ್ತ್ರಿ ಹೆಗಲು ತಿಕ್ಕಿಕೊಳ್ಳುತ್ತ ಹೇಳಿದರು. ಹೇಳಿ ಮುಗಿಯುವಷ್ಟರಲ್ಲಿ ಯಜಮಾನರ ಕಿವಿಯೂ ಕೆಂಪಾಗಿತ್ತು. ಪಟ್ಟಣಕ್ಕೆ ಹೋಗಿ ಎರಡು ದಿನ ಕೂತು ಕೇಳಿ ಬಂದದ್ದು ತಮ್ಮದೇ ಶೆಡ್ಡಿನ ಚೀಟಿಯಲ್ಲಿ ಅಚ್ಚಾಗಿ ಬಿದ್ದಿತ್ತು.

ಆಗ ತೋಟದವನು, ತನ್ನ ಭಾಷಣದ ಸರದಿ ಬಂತೆಂದು ತಿಳಿದು ಎದ್ದು ನಿಂತ. “ತಪ್ಪೋ ಸರಿಯೋ ನನಗೆ ಬೇಕಿಲ್ಲ. ನನ್ನ ತೋಟದಲ್ಲಿ ಅಂಥ ಕಟ್ಟೆ ಏಳಿವೆ, ಒಂದೊಂದೂ ಒಂದೊಂದು ಎತ್ತರ. ನಮ್ಮ ಕಡೆ ಇಂಥ ತೋಟ ಇನ್ನೂ ಇಪ್ಪತ್ತಿವೆ. ನನಗೆ ಇನ್ನೂ ಆರು ಏಣಿ ಬೇಕು.”

“ಸರಿಯಾಗಿ ಹೇಳಪ್ಪ,” ಎಂದರು ಮೇಸ್ತ್ರಿ. “ಆರೋ, ಒಂಬತ್ತೋ?”

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ಅವರು ಹೋಗಿ ನೆಲದ ಮೇಲಿದ್ದ ಉಪಕರಣಗಳ ಚೀಲವನ್ನು ತಾವೇ ಎತ್ತಿಕೊಂಡು ಶೆಡ್ಡಿನ ಒಳಗೆ ನಡೆದರು. ಅದರಲ್ಲಿ ಎಲ್ಲ ಉಳಿಗಳೂ ಇದ್ದವು. ಭಾರಕ್ಕೆ ಅವರು ಒಂದು ಕಡೆ ವಾಲಿದ್ದರು.

ಅಂದು ಹೆಂಡತಿ ಗುಮಾಸ್ತನ ಜೊತೆ ಮನೆಗೆ ನಡೆದಳು. ತಮ್ಮ ಬೀದಿ ಬಂದಾಗ, “ಬಿದ್ದಿದ್ರೆ ಏನ್ ಗತಿ?” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಕಪಾಟಿನ ಬಾಗಿಲು ನಾನೇ ಮೇಸ್ತ್ರಿ ಹತ್ರ ಹೇಳ್ತೀನಿ” ಎಂದಳು.

ನಲವತ್ತು ಏಣಿಯ ಮಾತು ಅಲ್ಲಿಗೇ ನಿಂತಿತು. ಈಗ ‘ನಾವೀನ್ಯ ವಿಭಾಗ’ದ ಫಲಕ ಅಂಟಿನ ಪಾತ್ರೆಗೆ ಮುಚ್ಚಳವಾಗಿದೆ. ಏಣಿಗಳು ಮೊದಲಿಗಿಂತ ಹೆಚ್ಚು ಹೋಗುತ್ತಿವೆ. ವಾರಕ್ಕೆರಡು ದಿನ ಗುಮಾಸ್ತ ಮತ್ತು ಮೇಸ್ತ್ರಿ ತೋಟಗಳಿಗೆ ಹೋಗುತ್ತಾರೆ. ಟೇಪಿನ ಒಂದು ತುದಿ ಇವನ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ಅಂಕಿ ಬರೆಯುವುದನ್ನು ಯಜಮಾನರು ನಿಲ್ಲಿಸಿಬಿಟ್ಟಿದ್ದಾರೆ. ಎಲ್ಲ ಅಕ್ಷರದಲ್ಲೇ ಬರೆಯಬೇಕು. ಆ ವರ್ಷ ಕಾರ್ಖಾನೆಯಲ್ಲಿ ನಿಜವಾಗಿ ಹೊಸದಾಗಿ ಬಂದದ್ದು ಇದೊಂದೇ.

ಅಕ್ಷರದಲ್ಲಿ ಬರೆದರೂ ಚೀಟಿ ಕೈಗೆ ಬಂದ ಕೂಡಲೇ ಮೇಸ್ತ್ರಿ ಅದನ್ನು ದೂರಕ್ಕೆ ಹಿಡಿದು, ಇಡೀ ಶೆಡ್ಡಿಗೆ ಕೇಳಿಸುವಂತೆ, “ಏನಯ್ಯಾ, ಆರೋ ಒಂಬತ್ತೋ?” ಎನ್ನುತ್ತಾರೆ. ಗರಗಸ ನಿಲ್ಲುತ್ತದೆ. ಏಳು ಜನ ಬಡಗಿಗಳು ಕೈಕೆಲಸ ಬಿಟ್ಟು ಕಿಟಕಿಯ ಕಡೆ ನೋಡುತ್ತಾರೆ. ಗುಮಾಸ್ತ ಎದ್ದು ನಿಲ್ಲುತ್ತಾನೆ.

“ಆರು, ಮೇಸ್ತ್ರಿ. ನೆಲ ಅಳೆದಿದೀನಿ.”

ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಮರದ ಮೇಲೆ ಗೆರೆ ಎಳೆಯುತ್ತಾರೆ. ಗರಗಸ ಮತ್ತೆ ಶುರುವಾಗುತ್ತದೆ. ಗುಮಾಸ್ತ ಇನ್ನೂ ಸ್ವಲ್ಪ ಹೊತ್ತು ನಿಂತೇ ಇರುತ್ತಾನೆ.